ಕಾಮಾಲೆ ಈಗ ಮಕ್ಕಳ ಕಾಯಿಲೆಯಲ್ಲ

“ಕಾಮಾಲೆಯಾ? ಮಕ್ಕಳಿಗೆ ಬಂದು ಹೋಗುತ್ತೆ, ನೆಲನೆಲ್ಲಿ ಅರೆದು ಕುಡಿಸಿ” ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅದರಲ್ಲಿ ಅರ್ಧ ನಿಜವಿತ್ತು. ಹಿಂದೆ ನಮ್ಮ ದೇಶದಲ್ಲಿ ‘ಎ’ ವೈರಸ್ ಹೆಚ್ಚಿನವರಿಗೆ ಎಳೆತನದಲ್ಲೇ ತಗುಲುತ್ತಿತ್ತು. ಎಷ್ಟೋ ಮಕ್ಕಳಿಗೆ ಕಣ್ಣು ಕೂಡ ಹಳದಿಯಾಗುತ್ತಿರಲಿಲ್ಲ; ಮತ್ತೆ ಜೀವಮಾನದಲ್ಲಿ ಅದರ ಕಾಟವಿಲ್ಲ.

ಈಗ ಅನೇಕ ಮನೆಗಳಲ್ಲಿ ನೀರು, ಕಕ್ಕಸು ಸುಧಾರಿಸಿವೆ. ಮಕ್ಕಳು ತಪ್ಪಿಸಿಕೊಂಡು ಬೆಳೆಯುತ್ತಾರೆ, ಆಮೇಲೆ ಹಾಸ್ಟೆಲಿನಲ್ಲೋ ಹೋಟೆಲಿನಲ್ಲೋ ಸಿಕ್ಕಿಬೀಳುತ್ತಾರೆ. ದೊಡ್ಡವರಲ್ಲಿ ಇದು ಜೋರು. 2024ರಲ್ಲಿ ಕೇರಳದ ಮಲಪ್ಪುರಂ, ಎರ್ನಾಕುಳಂ ಜಿಲ್ಲೆಗಳಲ್ಲಿ ಹಬ್ಬಿದಾಗ ಸಾವುಗಳೂ ಆದವು. ಶುಚಿತ್ವ ಹೆಚ್ಚಿದ್ದಕ್ಕೆ ಈ ಫಲವೇ ಎನ್ನಬೇಡಿ. ಮನೆಯಲ್ಲಿರುವ ಶುಚಿ ಊರ ನಲ್ಲಿಯಲ್ಲೂ ಇರಬೇಕು, ತೊಂದರೆ ಇರುವುದು ಅಲ್ಲೇ.

‘ಇ’ ವೈರಸ್ಸಿನ ಕಥೆ ಬೇರೆ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ‘ಎ’ ಅಲ್ಲವೆಂದು ಗೊತ್ತಾದದ್ದು 1980ರಲ್ಲಿ. ಬಸುರಿಯರಿಗೆ, ಅದರಲ್ಲೂ ಏಳು ತಿಂಗಳು ತುಂಬಿದವರಿಗೆ, ಇದು ಪ್ರಾಣಕ್ಕೇ ಕಂಟಕ. ಮಗಳಾಗಲಿ ಸೊಸೆಯಾಗಲಿ, ಬಸುರಿಯ ಕಣ್ಣು ಹಳದಿಯಾಗಿ, ವಾಂತಿ ನಿಲ್ಲದಿದ್ದರೆ ಬಳ್ಳಿ ಔಷಧಿ, ಚಟಿಕೆ ಅಂತ ದಿನ ಕಳೆಯಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

‘ಬಿ’ ಹರಡುವುದು ನೀರಿನಿಂದಲ್ಲ. ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ. ಕೂಸು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸಬೇಕು. ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ನೀರು ಕೊತಕೊತ ಕುದಿದ ಮೇಲೂ ಒಂದು ನಿಮಿಷ ಒಲೆಯ ಮೇಲಿರಲಿ. ಮದುವೆಮನೆಯ ಪಾನಕಕ್ಕೆ ಯಾವ ನೀರು, ಐಸ್ ಎಲ್ಲಿಯದು ಅಂತ ಕೇಳಲು ಸಂಕೋಚ ಬೇಡ. ಬೀಗರು ಏನಾದರೂ ಅಂದುಕೊಳ್ಳಲಿ!