ಹೊಲಿಯುವ ಮೊದಲು ಸೋರಿಕೆ ಹುಡುಕು

ಬಿ.ಕಾಂ. ಮುಗಿದು ಎರಡು ವರ್ಷವಾಗಿತ್ತು. ಬ್ಯಾಂಕ್ ಪರೀಕ್ಷೆಯಲ್ಲಿ ಎರಡು ಸಲ ಪ್ರಿಲಿಮ್ಸ್ ದಾಟಿ, ಎರಡೂ ಸಲ ಮೇನ್ಸ್‌ನಲ್ಲಿ ನಿಂತಿದ್ದೆ. ರಾತ್ರಿ ಓದು, ಹಗಲು ಮಲ್ಪೆಯಲ್ಲಿರುವ ಸೋದರಮಾವನ ಕುಶನ್ ಅಂಗಡಿಯಲ್ಲಿ ಕೆಲಸ. ಬೈಕ್ ಸೀಟು, ರಿಕ್ಷಾ ಸೀಟು, ಮದುವೆ ಸೀಸನ್ನಿನಲ್ಲಿ ಸೋಫಾ. ಯಾರಾದರೂ ‘ಈಗ ಎಂತ ಮಾಡ್ತಿದ್ದೀಯಾ?’ ಎಂದು ಕೇಳಿದರೆ ‘ಎಕ್ಸಾಮಿಗೆ ಓದ್ತಿದ್ದೇನೆ’ ಎನ್ನುತ್ತಿದ್ದೆ. ಕುಶನ್ ಕೆಲಸದ ಸುದ್ದಿ ಎತ್ತುತ್ತಿರಲಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಅಂಗಡಿಗೆ ಒಬ್ಬರು ಬಂದರು. ಗಲ್ಫ್‌ನಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಗೋವಾದಿಂದ ಒಂದು ಹಳೆಯ ಮೋಟಾರ್ ಬೋಟು ಕೊಂಡು ತಂದಿದ್ದರು. 26 ಅಡಿ ಉದ್ದದ ಫೈಬರ್ ಬೋಟು, ವಯಸ್ಸು ಇಪ್ಪತ್ತು ದಾಟಿದೆ. ಮುಂಭಾಗದಲ್ಲಿ ಇಬ್ಬರು ಮಲಗುವಷ್ಟು ಸಣ್ಣ ಕ್ಯಾಬಿನ್. ಒಳಗಿನ ಸೀಟು, ಹಾಸಿಗೆ, ಗೋಡೆಯ ರೆಕ್ಸಿನ್, ತಲೆಯ ಮೇಲಿನ ಸೀಲಿಂಗ್ ಎಲ್ಲವೂ ಹೊಸದಾಗಬೇಕಿತ್ತು.

ಮಾವ ಹೋಗಿ ನೋಡಿ ಬಂದರು. “ನನ್ನ ಸೊಂಟ ಆ ಗೂಡಿನೊಳಗೆ ಬಗ್ಗುದಿಲ್ಲ ಮಾರಾಯ. ನೀನೇ ರೇಟ್ ಹೇಳು, ನೀನೇ ಮಾಡು” ಎಂದರು. ನನ್ನ ಹೆಸರಿನಲ್ಲಿ ಬಂದ ಮೊದಲ ಕೆಲಸ ಅದು. ಟೇಪು ಹಿಡಿದು ಅಳೆದೆ, ಸಾಮಾನು ಸೇರಿಸಿ ₹45,000 ಹೇಳಿದೆ. ಅವರು ಚೌಕಾಸಿಯನ್ನೂ ಮಾಡಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು!

ಮಳೆಗಾಲದ ಕೆಲಸ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ನಿಂತಿರುತ್ತವೆ, ಬಣ್ಣ, ಮರ, ಇಂಜಿನ್ ಕೆಲಸಗಳೆಲ್ಲ ಆಗ ನಡೆಯುತ್ತವೆ. ನಮ್ಮ ಬೋಟನ್ನೂ ಹೊಳೆದಂಡೆಯಲ್ಲಿ ಮೇಲೆಳೆದು, ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು.

ಮೊದಲ ದಿನ ಕ್ಯಾಬಿನ್ ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಒಳಗೆ ನೆಟ್ಟಗೆ ನಿಲ್ಲಲಾಗದು, ಬಗ್ಗಿಯೇ ಇರಬೇಕು. ಮುಂಭಾಗ ಚೂಪಾಗುತ್ತಾ ಹೋಗುವುದರಿಂದ ಎರಡು ಹಾಸಿಗೆಗಳು ಇಂಗ್ಲಿಷಿನ ವಿ ಅಕ್ಷರದಂತೆ ಕೂಡಿಕೊಂಡಿದ್ದವು. ಹಳೆಯ ಹಾಸಿಗೆ ಎತ್ತಿದೆ. ಅಡಿಯ ಪ್ಲೈವುಡ್ ಕಪ್ಪಾಗಿತ್ತು. ಸ್ಕ್ರೂ ಡ್ರೈವರ್‌ನಿಂದ ಒತ್ತಿದರೆ ಬಿಸ್ಕತ್ತಿನಂತೆ ಒಳಗೆ ಹೋಯಿತು. ರೆಕ್ಸಿನ್‌ಗೆ ಹೊಡೆದಿದ್ದ ಪಿನ್ನುಗಳು ತುಕ್ಕು ಹಿಡಿದು ಸಾಲಾಗಿ ಕಂದು ಕಲೆ ಬಿಟ್ಟಿದ್ದವು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹಲಗೆ ಕುಂಬಾಗಿದೆ ಎಂದು ನನಗೆ ಗೊತ್ತಾಯಿತು. ಹೇಳಿದರೆ ಖರ್ಚು ಹೆಚ್ಚುತ್ತದೆ, ರೇಟು ಮೊದಲೇ ಹೇಳಿಯಾಗಿದೆ, ಅವರು ಕೆಲಸವನ್ನೇ ಬಿಡಿಸಿದರೆ ಎಂಬ ಹೆದರಿಕೆ. ಮೆತ್ತಗಾದ ಹಲಗೆಯ ಮೇಲೆ ತೆಳುವಾದ ಹೊಸ ಪ್ಲೈ ಕೂರಿಸಿದೆ. ಅದರ ಮೇಲೆ ಹೊಸ ಫೋಮ್, ನೀಲಿ ರೆಕ್ಸಿನ್, ಬಿಳಿ ಪೈಪಿಂಗ್. ಎರಡು ಹಾಸಿಗೆ ಮುಗಿಸಿ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಗೆಳೆಯರು ಬೆಂಕಿಯ ಇಮೋಜಿ ಕಳಿಸಿದರು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೂರನೆಯ ದಿನ ಹೋಗಿ ಹಾಸಿಗೆ ಒತ್ತಿದರೆ ಕೈಗೆ ನೀರು ಬಂತು. ಎಡಬದಿಯ ಫೋಮ್ ತುಂಬಾ ನೀರು ಕುಡಿದು ಎತ್ತಲಾಗದಷ್ಟು ಭಾರವಾಗಿತ್ತು.

ಮಾವನನ್ನು ಕರೆದೆ. ಅವರು ಬೈಯಲಿಲ್ಲ. ಹೊಸ ಹಾಸಿಗೆ ಎತ್ತಿ, ನಾನು ಮುಚ್ಚಿಟ್ಟ ಹಲಗೆ ನೋಡಿ, “ನೀರು ಎಲ್ಲಿಂದ ಬರ್ತದೆ ಅಂತ ಹುಡುಕಿದ್ದೀಯಾ?” ಎಂದು ಕೇಳಿದರು. ನಾನು ಸುಮ್ಮನಿದ್ದೆ. “ಬೈಕ್ ಸೀಟು ಮೇಲಿಂದ ಹಾಳಾಗ್ತದೆ. ಇದು ಅಡಿಯಿಂದ ಹಾಳಾದದ್ದು. ಮೊದಲು ಧಣಿಗೆ ಫೋನ್ ಮಾಡು” ಎಂದರು.

ಒಂದು ಫೋನ್

ಆ ಫೋನ್ ಮಾಡಲು ನನಗೆ ಅರ್ಧ ದಿನ ಬೇಕಾಯಿತು. ಕೊನೆಗೆ, “ಸರ್, ಅಡಿಯ ಹಲಗೆ ಹಾಳಾಗಿದೆ. ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ, ತಪ್ಪಾಯಿತು. ಎಲ್ಲೋ ಸೋರುತ್ತಿದೆ. ಅದನ್ನು ನಿಲ್ಲಿಸದೆ ಹೊಲಿದರೆ ಪ್ರಯೋಜನವಿಲ್ಲ” ಎಂದೆ. ಅವರು ಸಿಟ್ಟಾದರು, ಆಗಲೇಬೇಕಿತ್ತು. ಮರುದಿನ ಬಂದು ನೋಡಿದರು. ಹೊಸ ಹಲಗೆ, ಫೈಬರ್ ರಿಪೇರಿಯ ಸಾಮಾನಿನ ದುಡ್ಡು ಅವರದು, ಹೆಚ್ಚಿನ ಕೂಲಿ ಕೇಳಬಾರದು ಎಂದು ಮಾತಾಯಿತು. ನೆನೆದ ಫೋಮ್ ನನ್ನ ಲೆಕ್ಕಕ್ಕೆ. ಅದು ನ್ಯಾಯವೇ ಆಗಿತ್ತು.

ಆಮೇಲಿನ ಎರಡು ವಾರ ಸೂಜಿ ಮುಟ್ಟಲಿಲ್ಲ. ಸೋರಿಕೆ ಹುಡುಕಿದೆವು. ಬೋಟು ಕಟ್ಟುವ ಒಬ್ಬರು ಆಚಾರ್ರು ಕ್ರಮ ಹೇಳಿಕೊಟ್ಟರು. ಮೊದಲು ಸೀಲಿಂಗಿನ ರೆಕ್ಸಿನ್ ಇಳಿಸಬೇಕು. ಅದರ ಹಿಂದಿನ ತೆಳು ಫೋಮ್ ಹಿಟ್ಟಿನಂತೆ ಉದುರುತ್ತಿತ್ತು. ಅದನ್ನೆಲ್ಲ ಕೆರೆದು, ಒಬ್ಬ ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬ ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಬೇಕು. ನೀರನ್ನು ಕೆಳಗಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಒಯ್ಯಬೇಕು. ಒಮ್ಮೆಲೇ ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ತೂತಿನಿಂದ ಬಂತೆಂದು ತಿಳಿಯುವುದಿಲ್ಲ.

ಕಿಟಕಿಯಲ್ಲಿ ಸೋರಿಕೆ ಇರಬಹುದು ಎಂದುಕೊಂಡಿದ್ದೆವು. ಅಲ್ಲಿರಲಿಲ್ಲ. ಮೇಲೆ ಕೈಹಿಡಿಕೆಯ ಸ್ಟೀಲ್ ಕಂಬಿ ಇತ್ತಲ್ಲ, ಅದರ ಸ್ಕ್ರೂಗಳ ಸುತ್ತಲಿನ ಸೀಲೆಂಟ್ ಒಣಗಿ ಬಿರುಕುಬಿಟ್ಟಿತ್ತು. ನೀರು ಅಲ್ಲಿ ಇಳಿದು, ಸೀಲಿಂಗಿನ ಹಿಂದೆ ಮೂರು ಅಡಿ ಹರಿದು, ಹಾಸಿಗೆಯ ಪಕ್ಕ ತೊಟ್ಟಿಕ್ಕುತ್ತಿತ್ತು. ನೀರು ಕಾಣಿಸುವ ಜಾಗ ಬೇರೆ, ಒಳಗೆ ಬರುವ ಜಾಗ ಬೇರೆ ಎಂದು ಆಗ ತಿಳಿಯಿತು.

ಇಂಥ ಬೋಟುಗಳ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಎರಡು ಫೈಬರ್ ಪದರಗಳ ನಡುವೆ ಮರ ಅಥವಾ ಪ್ಲೈ ಇರುತ್ತದೆ. ಅದು ಕೊಳೆತಿದೆಯೇ ಎಂದು ನೋಡಲು ಆಚಾರ್ರು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ‘ಟಕ್’ ಎನ್ನುತ್ತದೆ, ಕೊಳೆತಲ್ಲಿ ‘ಡಬ್’ ಎನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ. ನಮ್ಮ ಅದೃಷ್ಟಕ್ಕೆ ಅಂಗೈಯಗಲ ಮಾತ್ರ ಹಾಳಾಗಿತ್ತು. ಫೈಬರ್ ಕೆಲಸದವರು ಅದನ್ನು ಕೆರೆದು, ಒಣಗಿಸಿ, ಎಪಾಕ್ಸಿ ತುಂಬಿದರು. ಸ್ಕ್ರೂ ತೂತುಗಳನ್ನೂ ದೊಡ್ಡದು ಮಾಡಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆಯೇ ಹೊಸ ತೂತು ಕೊರೆದರು. ಮುಂದೆ ಸೀಲೆಂಟ್ ಸೋತರೂ ನೀರು ಮರಕ್ಕೆ ತಾಗದಿರಲಿ ಎಂದು ಈ ಉಪಾಯ. ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಪಾಡು. ಟಾರ್ಪಾಲು ಕಟ್ಟಿ, ಹಗಲಿಡೀ ಫ್ಯಾನ್ ಹಾಕಿಟ್ಟೆವು.

ಸೋಫಾ ಅಲ್ಲ, ಬೋಟು

ಮತ್ತೆ ಹೊಲಿಯಲು ಕುಳಿತಾಗ, ಸೋಫಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು ಒಂದೊಂದಾಗಿ ಗೊತ್ತಾಯಿತು.

ಹಲಗೆಯಿಂದಲೇ ಶುರು. ಪ್ಲೈ ಮೇಲೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಮನೆಯ ಸಾಮಾನ್ಯ ಕೆಲಸದ ಪ್ಲೈಗೆ ಐಎಸ್ 303, ಮೆರೈನ್ ಪ್ಲೈಗೆ ಐಎಸ್ 710. ನಾವು ತಂದದ್ದು 710. ಆದರೂ ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೋಗುತ್ತದೆ, ಹಾಗಾಗಿ ಅಂಚಿಗೆಲ್ಲ ಎಪಾಕ್ಸಿ ಬಳಿದೆವು. ಗಾಳಿ ಆಡಲೆಂದು ಹಲಗೆಯಲ್ಲಿ ಸಾಲಾಗಿ ತೂತು ಕೊರೆದೆವು.

ಬೋಟಿನಲ್ಲಿ ಮೂಲೆಮಟ್ಟ ಎಂಬುದು ಇಲ್ಲ. ಎಡ ಹಾಸಿಗೆಯ ಅಳತೆಯನ್ನು ತಿರುಗಿಸಿ ಬಲಕ್ಕೆ ಹಾಕಿದರೆ ಕೂರುವುದಿಲ್ಲ. ದಪ್ಪ ಪ್ಲಾಸ್ಟಿಕ್ ಶೀಟು ಹಾಸಿ, ಒಂದೊಂದು ಬದಿಗೂ ಬೇರೆ ಬೇರೆ ನಕ್ಷೆ ತೆಗೆಯಬೇಕು. ಹಳೆಯ ಕವರಿನ ಹೊಲಿಗೆ ಬಿಚ್ಚಿ ಅದನ್ನೇ ಮಾದರಿ ಮಾಡಬಹುದು, ಆದರೆ ಅದು ವರ್ಷಗಟ್ಟಲೆ ಎಳೆದು ಹಿಗ್ಗಿರುತ್ತದೆ. ನಕ್ಷೆಯ ಜೊತೆ ಹೋಲಿಸಿಯೇ ಕತ್ತರಿ ಹಾಕಬೇಕು. ಬಿಚ್ಚುವಾಗ ಪ್ರತಿ ತುಂಡಿಗೂ ನಂಬರ್ ಬರೆದು ಫೋಟೊ ತೆಗೆದಿಟ್ಟುಕೊಳ್ಳದಿದ್ದರೆ ಆಮೇಲೆ ತಲೆ ಕೆಡುತ್ತದೆ.

ಅಷ್ಟೆಲ್ಲ ಅಳೆದವನು ಒಂದನ್ನು ಅಳೆಯಲು ಮರೆತಿದ್ದೆ. ಹಲಗೆಯನ್ನು ಅಂಗಡಿಯಲ್ಲೇ ಚೆಂದವಾಗಿ ಮಾಡಿ ಹೊಳೆದಂಡೆಗೆ ಹೊತ್ತುಕೊಂಡು ಹೋದರೆ, ಕ್ಯಾಬಿನ್ ಬಾಗಿಲಿಗಿಂತ ಹಲಗೆಯೇ ನಾಲ್ಕು ಇಂಚು ಅಗಲ! ಮತ್ತೆ ಎರಡು ತುಂಡು ಮಾಡಿ ಕೂರಿಸಿದ್ದಾಯಿತು. ಅದೂ ಒಳ್ಳೆಯದೇ ಆಯಿತು. ಹಾಸಿಗೆಯ ಅಡಿಯಲ್ಲಿ ವಯರು, ಪೈಪು ಇರುತ್ತವೆ. ತುಂಡು ಹಲಗೆಯಾದರೆ ಬೇಕಾದಾಗ ಒಂದನ್ನೇ ಎತ್ತಬಹುದು.

ದಾರ ಹತ್ತಿಯದಾಗಿರಬಾರದು, ತೇವಕ್ಕೆ ಕೊಳೆಯುತ್ತದೆ. ಪಾಲಿಯೆಸ್ಟರ್ ದಾರವೇ ಆಗಬೇಕು. ಜಿಪ್ ಪ್ಲಾಸ್ಟಿಕ್ ಹಲ್ಲಿನದು. ಪಿನ್ನು, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲೂ 316 ದರ್ಜೆಯದು. ಅದರಲ್ಲಿ ಮಾಲಿಬ್ಡಿನಂ ಬೆರೆಸಿರುವುದರಿಂದ ಉಪ್ಪಿನ ಗಾಳಿಯನ್ನು ಪಾತ್ರೆಗಳಿಗೆ ಬಳಸುವ 304 ದರ್ಜೆಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಕವರಿನ ಮೇಲ್ಭಾಗಕ್ಕೆ ಬೂಷ್ಟು ತಡೆಯುವ ಮೆರೈನ್ ರೆಕ್ಸಿನ್, ಅಡಿಭಾಗಕ್ಕೆ ಜಾಲರಿ ಬಟ್ಟೆ. ಎರಡೂ ಕಡೆ ರೆಕ್ಸಿನ್ ಹಾಕಿದರೆ ಸೂಜಿಯ ತೂತಿನಿಂದ ಒಳಹೋದ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಫೋಮನ್ನು ಕವರಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿದರೆ ಸುಕ್ಕಿಲ್ಲದೆ ತುಂಬಿಕೊಳ್ಳುತ್ತದೆ.

ಇನ್ನೊಂದು ಮಾತು, ಇದು ಪ್ರಾಣದ ವಿಷಯ. ಜೋರು ಮಳೆಯೆಂದು ಬಾಗಿಲು ಮುಚ್ಚಿಕೊಂಡು ಗೋಡೆಯ ರೆಕ್ಸಿನ್‌ಗೆ ಗಮ್ ಹಚ್ಚುತ್ತಿದ್ದೆ. ಅರ್ಧ ಗಂಟೆಯಲ್ಲಿ ತಲೆ ಸುತ್ತಿ ವಾಂತಿ ಬಂದಂತಾಯಿತು. ಹೇಗೋ ತೆವಳಿ ಹೊರಬಂದೆ. ಗಮ್‌ನ ಆವಿ, ಪೆಟ್ರೋಲಿನ ಆವಿ ಎರಡೂ ಗಾಳಿಗಿಂತ ಭಾರ. ಕೋಣೆಯಲ್ಲಾದರೆ ಬಾಗಿಲ ಅಡಿಯ ಸಂದಿಯಿಂದ ಹೊರಗೆ ಹೋಗುತ್ತವೆ. ಬೋಟಿನ ತಳಕ್ಕೆ ಸಂದಿ ಎಲ್ಲಿದೆ? ಅಲ್ಲಿಯೇ ಶೇಖರವಾಗುತ್ತವೆ, ಒಂದು ಕಿಡಿ ಸಾಕು. ಅಂದಿನಿಂದ ಪೆಟ್ರೋಲ್ ಟ್ಯಾಂಕ್ ಹೊರಗಿಡಿಸಿದೆವು, ಬಾಗಿಲು ಕಿಟಕಿ ತೆರೆದೇ ಗಮ್ ಹಚ್ಚಿದೆವು, ಒಬ್ಬನೇ ಒಳಗಿರಬಾರದು ಎಂದು ಮಾವ ಕಟ್ಟುನಿಟ್ಟು ಮಾಡಿದರು.

ಉಳಿದದ್ದು

ಜುಲೈಗೆ ಮುಗಿಯಬೇಕಿದ್ದ ಕೆಲಸ ಸೆಪ್ಟೆಂಬರ್‌ಗೆ ಮುಗಿಯಿತು. ಲೆಕ್ಕ ಹಾಕಿದಾಗ ನನ್ನ ಕೈಯಲ್ಲಿ ಉಳಿದದ್ದು ₹6,500. ದಿನಗೂಲಿಗೆ ಹೋಗಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅಮ್ಮ “ಇಷ್ಟೇಯಾ?” ಎಂದು ಕೇಳಿದಾಗ ಉತ್ತರ ಇರಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅದೇ ಬೋಟಿನವರು ಕರೆದರು. ಹೋಗುವಾಗ ಹೊಟ್ಟೆಯಲ್ಲಿ ಚಿಟಿಚಿಟಿ. ಹಾಸಿಗೆ ಎತ್ತಿ ಹಲಗೆಗೆ ಟಿಶ್ಯೂ ಕಾಗದ ಒತ್ತಿದೆ. ಒಣಗಿತ್ತು. ಬೂಷ್ಟಿನ ವಾಸನೆ ಇರಲಿಲ್ಲ. ಅವರು ಕರೆದದ್ದು ದೂರಲು ಅಲ್ಲ, ತಮ್ಮ ಪರಿಚಯದ ಇನ್ನೊಬ್ಬರ ಬೋಟು ತೋರಿಸಲು. “ನೀನು ತಪ್ಪು ಒಪ್ಪಿಕೊಂಡು ಫೋನ್ ಮಾಡಿದ್ದಿ ಅಂತಲೇ ಅವರಿಗೆ ನಿನ್ನ ಹೆಸರು ಹೇಳಿದ್ದು” ಎಂದರು.

ಈಗ ನಾನು ಕೆಲಸ ಒಪ್ಪಿಕೊಳ್ಳುವ ರೀತಿ ಬದಲಾಗಿದೆ. ಮೊದಲು ಬಿಚ್ಚಿ ನೋಡುವುದಕ್ಕೆ ಒಂದು ಸಣ್ಣ ಮೊತ್ತ, ಒಳಗೆ ಏನಿದೆ ಎಂದು ಫೋಟೊ ಸಮೇತ ತೋರಿಸಿದ ಮೇಲೆಯೇ ಪೂರ್ತಿ ರೇಟು. ಲೆಕ್ಕವನ್ನು ಹಾಳೆಯಲ್ಲಿ ಬರೆದು ಕೊಡುತ್ತೇನೆ. ನನ್ನ ಬಿ.ಕಾಂ. ಅಷ್ಟರಮಟ್ಟಿಗೆ ಕೆಲಸಕ್ಕೆ ಬಂದಿದೆ.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾಹಿತಿ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿ ಇದೆ. ಅದರಲ್ಲಿ ದೋಣಿ ಕಟ್ಟುವವರಿದ್ದಾರೆ, ಬಡಗಿ ಇದ್ದಾರೆ, ದರ್ಜಿ ಇದ್ದಾರೆ. ಬೋಟಿನ ಒಳಗಿನ ಕೆಲಸ ಈ ಮೂವರ ನಡುವಿನದು. ಮೂರನ್ನೂ ಸ್ವಲ್ಪ ಸ್ವಲ್ಪ ಬಲ್ಲವರು ನಮ್ಮ ಕಡೆ ಕಡಿಮೆ. ಕಲಿಯಲು ದೊಡ್ಡ ಬಂಡವಾಳ ಬೇಡ, ಒಂದು ಕುಶನ್ ಅಂಗಡಿಯಲ್ಲಿ ಸೇರಿಕೊಂಡರೆ ಆರಂಭವಾಗುತ್ತದೆ.

ನಾನು ಬ್ಯಾಂಕ್ ಪರೀಕ್ಷೆ ಬಿಟ್ಟಿಲ್ಲ. ಮೂರನೇ ಸಲ ಬರೆಯುತ್ತಿದ್ದೇನೆ. ಆದರೆ ಎರಡು ಸಲ ಯಾಕೆ ನಿಂತೆ ಎಂದು ಈ ಸಲ ಹಳೆಯ ಅಂಕಪಟ್ಟಿ ತೆಗೆದು ನೋಡಿದೆ. ಎರಡೂ ಸಲ ಇಂಗ್ಲಿಷಿನಲ್ಲೇ ಅಂಕ ಹೋಗಿತ್ತು. ನಾನು ಮಾತ್ರ ಸುಲಭವೆಂದು ಗಣಿತವನ್ನೇ ಮತ್ತೆ ಮತ್ತೆ ಮಾಡುತ್ತಿದ್ದೆ. ಈಗ ರಾತ್ರಿ ಇಂಗ್ಲಿಷ್ ಓದುತ್ತಿದ್ದೇನೆ. ಹಗಲು ಇನ್ನೊಂದು ಬೋಟಿನ ಹಾಸಿಗೆ ಬಿಚ್ಚುತ್ತಿದ್ದೇನೆ. ಯಾರಾದರೂ ‘ಎಂತ ಮಾಡ್ತಿದ್ದೀಯಾ?’ ಎಂದು ಕೇಳಿದರೆ ಎರಡನ್ನೂ ಹೇಳುತ್ತೇನೆ.