ಅಂತೋಣಿಯ ಪಟ

ಕಲಾಸಿಪಾಳ್ಯದ ಶಾಲೆಯೊಂದರಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ನನಗೆ ಇಬ್ಬರು ಕ್ರೈಸ್ತ ಮಿತ್ರರಿದ್ದರು. ಒಬ್ಬರು ಕಥೋಲಿಕರು, ಮೈಸೂರು ರಸ್ತೆಯ ಬ್ರಿಯಾಂಡ್ ಸ್ಕ್ವೇರಿನಲ್ಲಿರುವ ಸಂತ ಜೋಸೆಫರ ದೇವಾಲಯಕ್ಕೆ ಭಾನುವಾರದ ಪೂಜೆಗೆಂದು ತಪ್ಪದೆ ಹೋಗುವವರು. ಇನ್ನೊಬ್ಬರು ಪ್ರಾಟೆಸ್ಟೆಂಟರು, 1904ರಲ್ಲಿ ಕಟ್ಟಿದ ಹಡ್ಸನ್ ಚರ್ಚಿನ ಕನ್ನಡ ಆರಾಧನೆಯಲ್ಲಿ ಅವರ ತುಂಬುಕಂಠವನ್ನು ನಾನೂ ಒಂದೆರಡು ಸಲ ಕೇಳಿದ್ದೇನೆ. ಒಂದೇ ಹೋಟೆಲಿನ ಒಂದೇ ಮೇಜಿನ ಮುಂದೆ ಇಪ್ಪತ್ತು ವರ್ಷ ಕಾಫಿ ಕುಡಿದವರು ಇವರು. ಇವರ ಸ್ನೇಹದಲ್ಲಿ ಬಿರುಕು ಮೂಡಿದ್ದು ಅಂಗೈಯಗಲದ ಒಂದು ಪಟದಿಂದ.

ಪ್ರಾಟೆಸ್ಟೆಂಟ್ ಮಿತ್ರರ ಪತ್ನಿ ಹಾಸಿಗೆ ಹಿಡಿದಿದ್ದರು. ಕಥೋಲಿಕ ಮಿತ್ರರು ಮೈಸೂರು ಜಿಲ್ಲೆಯ ಡೋರ್ನಹಳ್ಳಿಗೆ ಹೋಗಿ, ಸಂತ ಅಂತೋಣಿಯವರ ಮುಂದೆ ಮೇಣದ ಬತ್ತಿ ಹಚ್ಚಿ, ಒಂದು ಪಟವನ್ನು ತಂದರು. ರೋಗಿಯ ತಲೆದಿಂಬಿನ ಬಳಿ ಇಡಲೆಂಬ ಆಸೆ. ಮನೆಯ ಯಜಮಾನರು ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು, ನೋಡಿ, ಹಿಂದಕ್ಕೆ ಕೊಟ್ಟರು.

“ಪ್ರೀತಿಯಿಂದ ತಂದಿದ್ದೀರಿ, ಬಲ್ಲೆ. ಆದರೆ ಇವಳ ಪ್ರಾಣವನ್ನು ನಾನು ದೇವರಲ್ಲಿ ಬೇಡುತ್ತೇನೆ. ಸತ್ತ ಮನುಷ್ಯನಲ್ಲಿ ಬೇಡಲಾರೆ.”

ಮೆಟ್ಟಿಲಿಳಿಯುವಾಗ ಕಥೋಲಿಕ ಮಿತ್ರರು ನನ್ನತ್ತ ತಿರುಗಿ, “ಮೇಷ್ಟ್ರೇ, ಅಂತೋಣಿಯವರನ್ನು ನಾವು ಎಂದಾದರೂ ದೇವರೆಂದೆವೆ?” ಎಂದರು. ಅವರ ಧ್ವನಿಯಲ್ಲಿ ಕೋಪಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

ಚರಿತ್ರೆಯ ಉಪಾಧ್ಯಾಯನಾದ ನನಗೆ ಈ ಪ್ರಶ್ನೆ ಹೊಸದೇನೂ ಅಲ್ಲ. 2ನೆಯ ಶತಮಾನದಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪರು ಹುತಾತ್ಮರಾದಾಗಲೇ ಅಲ್ಲಿಯ ಕ್ರೈಸ್ತರು, ತಾವು ಪೂಜಿಸುವುದು ಕ್ರಿಸ್ತನನ್ನು, ಹುತಾತ್ಮರನ್ನು ಅವನ ಶಿಷ್ಯರೆಂದು ಪ್ರೀತಿಸುತ್ತೇವೆ ಅಷ್ಟೆ, ಎಂದು ಬರೆದಿಡಬೇಕಾಯಿತು. ವಿಗ್ರಹಗಳ ವಿಷಯದಲ್ಲಿ ದೊಡ್ಡ ಕಲಹವೆದ್ದ ಮೇಲೆ, 787ರ ಎರಡನೆಯ ನೈಸಿಯ ಮಹಾಸಭೆ, ಚಿತ್ರಕ್ಕೆ ಸಲ್ಲಿಸಿದ ಗೌರವ ಚಿತ್ರದಲ್ಲಿರುವವರಿಗೆ ಮುಟ್ಟುತ್ತದೆ, ಆದರೆ ನಿಜವಾದ ಆರಾಧನೆ ದೈವಕ್ಕೊಂದಕ್ಕೇ ಸಲ್ಲತಕ್ಕದ್ದು, ಎಂದು ತೀರ್ಮಾನಿಸಿತು. ಪಂಡಿತರು ಇದಕ್ಕೆ ಹೆಸರುಗಳನ್ನೂ ಇಟ್ಟರು: ದೇವರಿಗೆ ‘ಲಾತ್ರಿಯ’, ಸಂತರಿಗೆ ‘ದೂಲಿಯ’, ಕನ್ಯಾಮರಿಯಮ್ಮನವರಿಗೆ ಇವೆರಡರ ನಡುವಣ ‘ಹೈಪರ್‌ದೂಲಿಯ’. 1530ರ ಆಗ್ಸ್‌ಬರ್ಗ್ ಒಪ್ಪಿಗೆಯಲ್ಲಿ ಲೂಥರನ ಕಡೆಯವರು, ಸಂತರನ್ನು ಮೇಲ್ಪಂಕ್ತಿಯೆಂದು ನೆನೆಯಬಹುದು, ಅವರ ಮೊರೆಹೋಗಲು ಮಾತ್ರ ಧರ್ಮಗ್ರಂಥದ ಆಧಾರವಿಲ್ಲ, ಎಂದರು; ಕ್ರಿಸ್ತನೊಬ್ಬನೇ ಮಧ್ಯವರ್ತಿಯೆಂಬ ಪೌಲನ ಮಾತು ಅವರಿಗೆ ಬಲ. 1563ರಲ್ಲಿ ಟ್ರೆಂಟ್ ಸಭೆ ಮೊರೆಹೋಗುವುದು ಹಿತಕರವೆಂದೂ, ಆದರೆ ಅದರ ಸುತ್ತ ಬೆಳೆದ ದುರಾಚಾರಗಳನ್ನು ಕೀಳಬೇಕೆಂದೂ ವಿಧಿಸಿತು.

ಇದೆಲ್ಲ ಗ್ರಂಥದ ಮಾತಾಯಿತು. ನನ್ನನ್ನು ಕಾಡಿದ್ದು ನಮ್ಮ ಕನ್ನಡ. ಪ್ರಾಟೆಸ್ಟೆಂಟರು ದೇವರಿಗಷ್ಟೇ ಮೀಸಲಿಟ್ಟ ‘ಆರಾಧನೆ’ ಎಂಬ ಪದವನ್ನು ನಾವು ಯಾರಿಗೆ ಬಳಸುತ್ತೇವೆ? ಶ್ರಾವಣ ಬಹುಳದಲ್ಲಿ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ನಡೆಯುವುದು ರಾಘವೇಂದ್ರಸ್ವಾಮಿಗಳ ಆರಾಧನೆ. ‘ಹರಿಯೇ ಸರ್ವೋತ್ತಮ’ ಎನ್ನುವ ಮಾಧ್ವರು ಗುರುಗಳನ್ನು ಹರಿಯೆಂದು ಭ್ರಮಿಸಿದವರಲ್ಲ. ತಾರತಮ್ಯದ ಲೆಕ್ಕದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಯಾರಿದ್ದಾರೆ? ಇತ್ತ ಕಾಟನ್‌ಪೇಟೆಗೆ ನಡೆದರೆ ತವಕ್ಕಲ್ ಮಸ್ತಾನರ ದರ್ಗಾ. ಚೈತ್ರ ಪೂರ್ಣಿಮೆಯ ರಾತ್ರಿ ಕರಗ ಅಲ್ಲಿ ನಿಂತು ಮುಂದೆ ಹೋಗುತ್ತದೆ. ಅಲ್ಲಿಯೂ ಇದೇ ವಾದ: ಸಮಾಧಿಯ ದರ್ಶನ ಬೇರೆ, ಅಲ್ಲಾಹನ ಇಬಾದತ್ತು ಬೇರೆ ಎಂದು ಒಬ್ಬರು, ಅವೆರಡೂ ಕಲಸಿಹೋಗುತ್ತವೆ ಎಂದು ಇನ್ನೊಬ್ಬರು. ಕೈಮುಗಿಯುವುದು, ದೀಪ ಹಚ್ಚುವುದು, ಹೂವಿಡುವುದು — ನಮ್ಮ ನಾಡಿನಲ್ಲಿ ತಾಯಿಗೂ ಗುರುವಿಗೂ ದೇವರಿಗೂ ಇವೇ. ಹೊರಗೆ ನಿಂತು ನೋಡುವವನಿಗೆ ಭೇದ ಕಾಣುವುದಾದರೂ ಹೇಗೆ?

ಕಾಣುವುದಿಲ್ಲ, ಕೇಳಿಸುತ್ತದೆ. ಕಥೋಲಿಕರ ಸಂತಮಾಲೆಯ ಪ್ರಾರ್ಥನೆಯನ್ನು ಗಮನಿಸಿ ಕೇಳಿದವರಿಗೆ ಗೊತ್ತು: ದೇವರ ಹೆಸರು ಬಂದಾಗ ಜನರು ಕೇಳುವುದು ದಯೆಯನ್ನು, ಸಂತರ ಹೆಸರು ಬಂದಾಗ ಕೇಳುವುದು ತಮ್ಮ ಪರವಾಗಿ ಒಂದು ಬೇಡಿಕೆಯನ್ನು. ಮದರ್ ತೆರೇಸಾರನ್ನು 2016ರಲ್ಲಿ ಸಂತರೆಂದು ಸಾರಿದಾಗಲೂ, ಪವಾಡ ಮಾಡಿದವನು ದೇವರು, ಆಕೆ ಬೇಡಿದವರು ಎಂಬುದೇ ರೋಮಿನ ಲೆಕ್ಕ. ಭೇದ ಇರುವುದು ಕ್ರಿಯಾಪದದಲ್ಲಿ. ಆದರೆ ವ್ಯಾಕರಣ ಎಲ್ಲರ ನಾಲಗೆಯಲ್ಲೂ ನಿಲ್ಲುವುದಿಲ್ಲ. ಹೊಲ ಉಳುವಾಗ ರೈತನಿಗೆ ಮೂರ್ತಿ ಸಿಕ್ಕಿತೆಂಬ ಐತಿಹ್ಯವಿರುವ, 2019ರಲ್ಲಿ ಬಸಿಲಿಕವೆಂಬ ಪದವಿ ಪಡೆದ ಡೋರ್ನಹಳ್ಳಿಯಲ್ಲಿ, ಎಲ್ಲ ಮತದವರೂ ಸೇರಿದ ಜೂನ್ 13ರ ಹಬ್ಬದ ಜನಸಂದಣಿಯಲ್ಲಿ ನಿಂತು ನಾನು ಕೇಳಿದ್ದೇನೆ: “ಅಂತೋಣಪ್ಪ, ನನ್ನ ಮಗನಿಗೆ ಕೆಲಸ ಕೊಡಪ್ಪ!” ಇಲ್ಲಿ ‘ನನಗಾಗಿ ಬೇಡು’ ಎಂಬುದು ಬಿದ್ದುಹೋಗಿ ‘ಕೊಡು’ ಎಂಬುದಷ್ಟೇ ಉಳಿದಿದೆ. ನನ್ನ ಪ್ರಾಟೆಸ್ಟೆಂಟ್ ಮಿತ್ರರ ಭಯವನ್ನು ಬರಿಯ ಮೊಂಡುತನವೆನ್ನಲು ನನಗೆ ಮನಸ್ಸು ಬರಲಿಲ್ಲ.

ಕಾಯಿಲೆ ಉಲ್ಬಣಿಸಿತು. ಒಂದು ಸಂಜೆ ಆ ಮನೆಯ ಜಗಲಿಯಲ್ಲಿ ನಾವು ಮೂವರೂ ಕುಳಿತಿದ್ದೆವು. ಯಜಮಾನರು ನನ್ನ ಕೈ ಹಿಡಿದು, “ನೀವೂ ಬೇಡಿಕೊಳ್ಳಿ, ಮೇಷ್ಟ್ರೇ. ಯಾರು ಬೇಡಿದರೂ ಕೇಳುವವನು ಒಬ್ಬನೇ” ಎಂದರು.

ಕಥೋಲಿಕ ಮಿತ್ರರು ಮೆಲ್ಲಗೆ ಕೇಳಿದರು: “ಮೇಷ್ಟ್ರನ್ನು ಕೇಳಿಕೊಂಡಿರಿ. ಅಂತೋಣಿಯವರನ್ನು ಕೇಳಿಕೊಂಡರೆ ತಪ್ಪೇನು?”

“ಮೇಷ್ಟ್ರು ಬದುಕಿದ್ದಾರೆ.”

“ಅಂತೋಣಿಯವರೂ ಬದುಕಿದ್ದಾರೆಂದೇ ನಮ್ಮ ನಂಬಿಕೆ.”

ಯಾರೂ ಮುಂದೆ ಮಾತಾಡಲಿಲ್ಲ. ಇಷ್ಟು ಗ್ರಂಥಗಳನ್ನು ತಿರುವಿಯೂ ನನಗೆ ಹೊಳೆಯದಿದ್ದ ವಿಷಯ ಅಂದು ಆ ಜಗಲಿಯ ಮೇಲೆ ಹೊಳೆಯಿತು. ಇವರಿಬ್ಬರ ವಿವಾದ ದೇವರು ಎಷ್ಟು ಎಂಬುದರಲ್ಲಿ ಇರಲೇ ಇಲ್ಲ. ಸತ್ತವರಿಗೆ ನಮ್ಮ ದನಿ ಕೇಳಿಸುತ್ತದೆಯೆ ಎಂಬುದರಲ್ಲಿತ್ತು.

ಆಕೆ ಉಳಿಯಲಿಲ್ಲ. ಸಮಾಧಿಯ ದಿನ ಕಥೋಲಿಕ ಮಿತ್ರರು ಮಣ್ಣು ಹಾಕಿ, ದೂರ ನಿಂತು ತಮ್ಮಷ್ಟಕ್ಕೆ ಏನನ್ನೋ ಹೇಳಿಕೊಂಡರು. ಮಿತ್ರರಿಬ್ಬರೂ ಮತ್ತೆ ಒಂದೇ ಮೇಜಿಗೆ ಬರಲು ಕೆಲವು ತಿಂಗಳು ಹಿಡಿಯಿತು. ಬಂದ ಮೇಲೂ ಪಟದ ಮಾತನ್ನು ಯಾರೂ ಎತ್ತಲಿಲ್ಲ. ವರ್ಷ ತುಂಬಿದ ದಿನ ಮಾತ್ರ ವಿಧುರರಾದ ಮಿತ್ರರು ಕಾಫಿಯ ಲೋಟವನ್ನು ಹಾಗೆಯೇ ಹಿಡಿದು ಕುಳಿತು, ಬಹಳ ಹೊತ್ತಿನ ಮೇಲೆ, ನಮ್ಮಿಬ್ಬರಲ್ಲಿ ಯಾರನ್ನೂ ನೋಡದೆ ಹೇಳಿದರು:

“ನಾನು ಅವಳನ್ನು ಏನೂ ಕೇಳಿಕೊಳ್ಳುವುದಿಲ್ಲ. ಅದು ಸಲ್ಲದು. ಆದರೆ ಅವಳು ಯಾರೂ ಕೇಳದೆಯೇ ನಮಗೋಸ್ಕರ ಬೇಡಿಕೊಳ್ಳುತ್ತಿದ್ದವಳು. ಆ ಅಭ್ಯಾಸವನ್ನು ಈಗ ಬಿಟ್ಟಿರಲಾರಳು.”

ಕಥೋಲಿಕ ಮಿತ್ರರು ಸಕ್ಕರೆಯ ಬಟ್ಟಲನ್ನು ಅವರ ಕಡೆಗೆ ಸರಿಸಿದರು.