ಹಳೆಯ ಆಂಪ್ಲಿಫೈಯರಿನ ಸಿಡಿತ

1960ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್‌ನಂತಹ ವಾಲ್ವ್ ಆಂಪ್ಲಿಫೈಯರು ನಾದದ ನಡುವೆ ಚಟಚಟನೆ ಸಿಡಿಯತೊಡಗಿದಾಗ, ಸ್ಪೀಕರನ್ನು ದೂಷಿಸುವ ಮುನ್ನ, ಗಿಟಾರಿನ ಕೇಬಲನ್ನು ಕಳಚಿ ಕಿವಿಗೊಡಿರಿ. ಸದ್ದಡಗಿದರೆ ದೋಷವು ಕೇಬಲಿನಲ್ಲೋ ಗಿಟಾರಿನಲ್ಲೋ ಇರುವುದು ಬಹುಮಟ್ಟಿಗೆ ನಿಶ್ಚಿತ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಮಾತ್ರ ಕರಕರವೆಂದರೆ, ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಪ್ರಯೋಗಿಸಿರಿ. ಮರದ ಕಡ್ಡಿಯಿಂದ ಮೃದುವಾಗಿ ತಟ್ಟಿದೊಡನೆ ಸಿಡಿಯುವ ವಾಲ್ವನ್ನು ಬದಲಿಸಿ ನೋಡಿರಿ. ಇಷ್ಟಾದರೂ, ಯಾರೂ ಮುಟ್ಟದಿರುವಾಗಲೇ ಸದ್ದು ತಾನಾಗಿ ಏಳುತ್ತಿದ್ದರೆ, ವಾಲ್ವಿನ ಪ್ಲೇಟಿಗೆ ವಿದ್ಯುತ್ತನ್ನೊಯ್ಯುವ 1,00,000 ಓಮಿನ ಕಾರ್ಬನ್ ರೆಸಿಸ್ಟರುಗಳು ದಶಕಗಳ ಶಾಖ ಹಾಗೂ ಆರ್ದ್ರತೆಗಳಿಂದ ಜೀರ್ಣಗೊಂಡಿರುವ ಸಂಭವವುಂಟು. ಮೂಲ ಬಿಡಿಭಾಗಗಳಲ್ಲಿ ಎಷ್ಟೇ ಮಮತೆಯಿದ್ದರೂ ಅವನ್ನು ಬದಲಿಸುವುದೇ ಯುಕ್ತ. ಆದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಸುಮಾರು 400 ವೋಲ್ಟಿನ ಮಾರಕ ವಿದ್ಯುತ್ತು ಉಳಿದಿರಬಹುದಾದುದರಿಂದ, ಪೆಟ್ಟಿಗೆ ಬಿಚ್ಚುವ ಕಾರ್ಯವನ್ನು ದಯವಿಟ್ಟು ಬಲ್ಲವರಿಗೇ ಬಿಡಿರಿ.